ಲೇಸಿಕ್ ಆದ ಮೂರನೇ ವಾರದಲ್ಲಿ ಕಣ್ಣಿಗೆ ಸೋಂಕು: ನಾನು ದಾಟಿ ಬಂದ ದಾರಿ

ಹೋದ ವಾರ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಡಾಕ್ಟರು ನನ್ನ ಬಲಗಣ್ಣಿನ ಕೊನೆಯ ಆ್ಯಂಟಿಬಯಾಟಿಕ್ ಹನಿಯನ್ನೂ ನಿಲ್ಲಿಸಿದರು. ಇನ್ನು ಕಣ್ಣು ಒಣಗದ ಹಾಗೆ ಬರೀ ಲೂಬ್ರಿಕೆಂಟ್ ಹನಿ ಹಾಕಿಕೊಂಡರೆ ಸಾಕಂತೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಇದೆಲ್ಲ ನಡೆಯುವಾಗ ಕನ್ನಡದಲ್ಲಿ ಎಷ್ಟು ಹುಡುಕಿದರೂ ಲೇಸಿಕ್ (ಕನ್ನಡಕದ ಪವರ್ ಸರಿಪಡಿಸುವ ಲೇಸರ್ ಆಪರೇಷನ್) ಎಷ್ಟು ಸುಲಭ, ಎಷ್ಟು ಖರ್ಚು ಅನ್ನೋದೇ ಸಿಗುತ್ತಿತ್ತು. ಸೋಂಕಾದರೆ ಯಾರ ಹತ್ತಿರ ಹೋಗಬೇಕು, ಏನು ಟೆಸ್ಟು, ಯಾವ ಕಾಗದ ಕೇಳಿ ಇಟ್ಟುಕೊಳ್ಳಬೇಕು ಅಂತ ಹೇಳೋರು ಯಾರೂ ಇರಲಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಲೇಸಿಕ್ ನಂತರ ಸೋಂಕಾಗುವುದು ಅಪರೂಪ. ನನ್ನ ಜೊತೆ ಅದೇ ದಿನ ಮಾಡಿಸಿಕೊಂಡು, ಹೊರಗೆ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿದ್ದ ಹುಡುಗಿ ಇವತ್ತಿಗೂ ಆರಾಮಾಗಿದ್ದಾಳೆ. ಯಾರನ್ನೂ ಹೆದರಿಸಲು ಬರೆಯುತ್ತಿಲ್ಲ. ಆದರೆ ಆ ಅಪರೂಪದ್ದು ಆದಾಗ ಮೊದಲ ಕೆಲವು ದಿನ ತುಂಬಾ ಮುಖ್ಯ. ಆ ದಿನಗಳು ಸುಮ್ನೆ ಕಳೆದುಹೋಗಬಾರದು, ಅಷ್ಟೇ ನನ್ನ ಆಸೆ.

ನಾನು ತುಮಕೂರಿನವಳು, ಖಾಸಗಿ ಶಾಲೆಯಲ್ಲಿ ಟೀಚರ್. ನಾಲ್ಕನೇ ಕ್ಲಾಸಿನಿಂದ ಕನ್ನಡಕ. ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ ಆಸುಪಾಸು ಪವರ್. ಮಳೆಗಾಲದಲ್ಲಿ ಸ್ಕೂಟಿ ಓಡಿಸುವಾಗ ಹೆಲ್ಮೆಟ್ ಒಳಗೆ ಕನ್ನಡಕ ಮಂಜಾಗಿ ಒಮ್ಮೆ ಎದುರಿಗಿದ್ದ ರೋಡ್ ಹಂಪೇ ಕಾಣಲಿಲ್ಲ. ಆಗಿನಿಂದ ಲೇಸಿಕ್ ಮಾಡಿಸಬೇಕು ಅಂತ ದುಡ್ಡು ಕೂಡಿಡುತ್ತಾ ಬಂದೆ. ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಾರ್ನಿಯಾದ ದಪ್ಪ, ಆಕಾರ, ಕಣ್ಣೀರು, ರೆಟಿನಾ ಎಲ್ಲ ಪರೀಕ್ಷೆ ಮಾಡಿ, ಮಾಡಬಹುದು ಅಂದರು. ಎರಡೂ ಕಣ್ಣಿಗೆ ಸೇರಿ ಎಪ್ಪತ್ತೆಂಟು ಸಾವಿರ. ಕ್ರಿಸ್‌ಮಸ್ ರಜೆಯಲ್ಲಿ ಆಪರೇಷನ್ ಆಯಿತು.

ಆಪರೇಷನ್ ಬಗ್ಗೆ ಹೆಚ್ಚು ಬರೆಯಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಕಾರ್ನಿಯಾದ ಮೇಲ್ಭಾಗದಲ್ಲಿ ತೆಳ್ಳಗೆ ಒಂದು ಪದರ ಕತ್ತರಿಸಿ ಮಗುಚುತ್ತಾರೆ. ಅದಕ್ಕೆ ಫ್ಲಾಪ್ ಅನ್ನುತ್ತಾರೆ. ಕೆಳಗೆ ಲೇಸರ್ ಹಾಯಿಸಿ ಪದರವನ್ನು ವಾಪಸ್ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಈ ಫ್ಲಾಪ್ ವಿಷಯ ನೆನಪಿಟ್ಟುಕೊಳ್ಳಿ. ನನಗಾದ ತೊಂದರೆಯೆಲ್ಲ ಆ ಪದರದ ಅಡಿಯಲ್ಲೇ. ಅಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಮೇಲಿಂದ ಹಾಕಿದ ಹನಿ ಸರಿಯಾಗಿ ತಲುಪುವುದಿಲ್ಲ.

ಮಾರನೇ ದಿನದ ತಪಾಸಣೆಯಲ್ಲಿ ಎರಡೂ ಕಣ್ಣು 6/6, ಅಂದರೆ ಸಾಮಾನ್ಯ ದೃಷ್ಟಿ. ಬೆಳಿಗ್ಗೆ ಎದ್ದು ಗೋಡೆ ಗಡಿಯಾರ ಕಂಡಾಗ ಅತ್ತುಬಿಟ್ಟೆ. ಅವರು ಹೇಳಿದ್ದನ್ನೆಲ್ಲ ಪಾಲಿಸಿದೆ. ತಲೆಗೆ ನೀರು ಹಾಕಿಕೊಳ್ಳಲಿಲ್ಲ, ಕಣ್ಣುಜ್ಜಲಿಲ್ಲ, ರಾತ್ರಿ ಶೀಲ್ಡ್ ಕಟ್ಟಿಕೊಂಡೇ ಮಲಗಿದೆ, ಒಗ್ಗರಣೆ ಹಾಕುವ ಹೊತ್ತಿಗೆ ಅಮ್ಮ ನನ್ನನ್ನು ಅಡುಗೆಮನೆ ಕಡೆಗೇ ಬಿಡುತ್ತಿರಲಿಲ್ಲ. ಒಂದು ವಾರದ ತಪಾಸಣೆಯೂ ಚೆನ್ನಾಗಿತ್ತು. ಆ್ಯಂಟಿಬಯಾಟಿಕ್ ನಿಲ್ಲಿಸಿದರು, ಸ್ಟಿರಾಯ್ಡ್ ಹನಿ ಕಡಿಮೆ ಮಾಡುತ್ತಾ ಬಂದರು. ನಾನು ಶಾಲೆಗೂ ಹೋಗತೊಡಗಿದೆ.

ಮೂರನೇ ವಾರದಲ್ಲಿ ಶುರುವಾಯಿತು. ಮೊದಲು ಬಲಗಣ್ಣಿನಲ್ಲಿ ಏನೋ ಬಿದ್ದ ಹಾಗೆ ಚುಚ್ಚುತ್ತಿತ್ತು. ಸಂಜೆಗೆ ಕೆಂಪಾಯಿತು. ಮಾರನೇ ದಿನ ಕ್ಲಾಸಿನಲ್ಲಿ ಕಿಟಕಿ ಕಡೆ ತಿರುಗಿದರೆ ನೀರು ಸುರಿಯುತ್ತಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. ಬೋರ್ಡಿನ ಅಕ್ಷರದ ಸುತ್ತ ಹೊಗೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದೆ. ಡ್ರೈನೆಸ್ ಇರುತ್ತದೆ, ಲೂಬ್ರಿಕೆಂಟ್ ಜಾಸ್ತಿ ಹಾಕಿಕೊಳ್ಳಿ ಅಂದರು. ಲೇಸಿಕ್ ಆದವರಲ್ಲಿ ತುಂಬಾ ಜನಕ್ಕೆ ಕಣ್ಣು ಒಣಗುವುದು ನಿಜ. ಆದರೆ ಒಣಗಿದ ಕಣ್ಣು ಸಾಮಾನ್ಯವಾಗಿ ಎರಡೂ ಕಡೆ ಉರಿಯುತ್ತದೆ. ನನಗೆ ಒಂದೇ ಕಣ್ಣು, ಅದೂ ದಿನದಿಂದ ದಿನಕ್ಕೆ ಜಾಸ್ತಿ. ಈ ವ್ಯತ್ಯಾಸ ನೀವು ಗಮನಿಸಿ: ಒಮ್ಮೆ ಚೆನ್ನಾಗಿ ಕಂಡ ಕಣ್ಣು ಮತ್ತೆ ಮಂಜಾಗತೊಡಗಿದರೆ, ಜೊತೆಗೆ ನೋವು, ಕೆಂಪು, ಬೆಳಕು ತಡೆಯಲಾಗದಿರುವುದು ಇದ್ದರೆ, ಫೋನಿನಲ್ಲಿ ಮುಗಿಸುವ ವಿಷಯ ಅಲ್ಲ ಅದು. ಅದೇ ದಿನ ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣನ್ನು ಬೆಳಕು ಹಾಯಿಸಿ ದೊಡ್ಡದಾಗಿ ನೋಡುವ ಯಂತ್ರ) ನೋಡಿಸಬೇಕು.

ಬಸ್ಸು ಹತ್ತಿ ಹೋದೆ. ಆಪರೇಷನ್ ಮಾಡಿದ ಡಾಕ್ಟರು ಅವತ್ತು ಇರಲಿಲ್ಲ. ಇನ್ನೊಬ್ಬರು ನೋಡಿ, ಫ್ಲಾಪ್ ಕೆಳಗೆ ಸ್ವಲ್ಪ ಉರಿಯೂತ ಇದೆ, ಇದು ಡಿಎಲ್‌ಕೆ (ಕ್ರಿಮಿಯಿಲ್ಲದೆ ಫ್ಲಾಪ್ ಅಡಿಯಲ್ಲಿ ಬರುವ ಉರಿಯೂತ) ಅಂತ ಹೇಳಿ ಸ್ಟಿರಾಯ್ಡ್ ಹನಿಯನ್ನು ಗಂಟೆಗೊಮ್ಮೆ ಹಾಕಲು ಬರೆದರು. ಹಾಕಿದೆ. ಎರಡು ದಿನ ನೋವು ನಿಜವಾಗಿಯೂ ಕಡಿಮೆಯಾಯಿತು, ಕೆಂಪೂ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆಮೇಲೆ ಒಂದು ರಾತ್ರಿ ನೋವಿಗೆ ಎಚ್ಚರವಾಯಿತು. ಬೆಳಿಗ್ಗೆ ನನ್ನ ತಮ್ಮ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದ. "ಅಕ್ಕಾ, ಕಪ್ಪು ಗುಡ್ಡೆ ಮೇಲೆ ಬಿಳೀ ಚುಕ್ಕೆ ಇದೆ ಕಣೇ" ಅಂದ. ರವೆ ಕಾಳಿನಷ್ಟು ಚುಕ್ಕೆ. ಅದರ ಫೋಟೋ ಈಗಲೂ ನನ್ನ ಫೋನಿನಲ್ಲಿದೆ.

ಸ್ಟಿರಾಯ್ಡ್ ಹಾಕಿದಾಗ ಕಣ್ಣು ಯಾಕೆ ಹಗುರಾಯಿತು ಅಂತ ಆಮೇಲೆ ಅರ್ಥವಾಯಿತು. ಅದು ಉರಿಯೂತವನ್ನು ತಗ್ಗಿಸುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಕ್ರಿಮಿ ಒಳಗೆ ಬೆಳೆಯುತ್ತಲೇ ಇರುತ್ತದೆ, ಕಣ್ಣು ಮಾತ್ರ ಮೇಲ್ನೋಟಕ್ಕೆ ಸುಧಾರಿಸಿದ ಹಾಗೆ ಕಾಣುತ್ತದೆ. ಡಿಎಲ್‌ಕೆ ಅನ್ನುವುದು ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ಕೆಲವು ದಿನಗಳಲ್ಲೇ ಬರುತ್ತದಂತೆ. ವಾರಗಳು ಕಳೆದ ಮೇಲೆ ಹೊಸದಾಗಿ ಶುರುವಾದರೆ ಮೊದಲು ಸೋಂಕನ್ನೇ ಅನುಮಾನಿಸಬೇಕು ಅಂತ ನನ್ನ ಕಾರ್ನಿಯಾ ಡಾಕ್ಟರು ಹೇಳಿದರು.

ಅವರ ಹತ್ತಿರ ಹೋಗಿದ್ದು ಹೀಗೆ. ಬಿಳಿ ಚುಕ್ಕೆ ಕಂಡ ದಿನ ಶನಿವಾರ. ಆಪರೇಷನ್ ಆದ ಕಡೆ ಸೋಮವಾರ ಬನ್ನಿ ಅಂದರು. ಭಾವ ಒಪ್ಪಲಿಲ್ಲ. ಬೆಂಗಳೂರಿನಲ್ಲೇ ಬೇರೊಂದು ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಲ್ಲೊಂದು ವಿಷಯ. ಬರೀ ಕಣ್ಣಿನ ಡಾಕ್ಟರು ಅಂತ ಕೇಳಬೇಡಿ, ಕಾರ್ನಿಯಾ ವಿಭಾಗ ಇದೆಯಾ, ಒಳಗೇ ಕ್ರಿಮಿ ಪರೀಕ್ಷಿಸುವ ಮೈಕ್ರೋಬಯಾಲಜಿ ಲ್ಯಾಬ್ ಇದೆಯಾ ಅಂತ ಕೇಳಿ. ಲ್ಯಾಬ್ ಒಳಗಿದ್ದರೆ ಕಣ್ಣಿನಿಂದ ಕೆರೆದು ತೆಗೆದ ಸ್ಯಾಂಪಲ್ ಆ ಕೂಡಲೇ ನೋಡುತ್ತಾರೆ. ಖಾಸಗಿಗೆ ಆಗದವರು ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋಗಬಹುದು, ಅದು ಸರ್ಕಾರದ್ದು, ಕಣ್ಣಿಗೇ ಮೀಸಲು.

ಆ ಡಾಕ್ಟರು ಕಣ್ಣು ನೋಡುವ ಮೊದಲು ತಾರೀಖುಗಳನ್ನು ಕೇಳಿದರು. ಆಪರೇಷನ್ ಯಾವತ್ತು? ನೋವು ಶುರುವಾಗಿದ್ದು ಯಾವತ್ತು? ಯಾವ ಹನಿ, ಯಾವತ್ತಿನಿಂದ, ದಿನಕ್ಕೆ ಎಷ್ಟು ಸಲ? ನಾನು ಎಲ್ಲ ಬಾಟಲಿಗಳನ್ನೂ ಒಂದು ಕವರಿನಲ್ಲಿ ತಂದಿದ್ದೆ, ಅದು ತುಂಬಾ ಉಪಯೋಗಕ್ಕೆ ಬಂತು. ಆಮೇಲೆ ಸ್ಲಿಟ್ ಲ್ಯಾಂಪ್‌ನಲ್ಲಿ ಗಲ್ಲ ಇಟ್ಟು ಕೂತೆ. ಬಹಳ ಹೊತ್ತು ನೋಡಿದರು. "ಇವತ್ತೇ ಫ್ಲಾಪ್ ಎತ್ತಿ ಕೆರೆದು ನೋಡಬೇಕಮ್ಮ. ನಾಳೆವರೆಗೂ ಬಿಡೋದು ಬೇಡ" ಅಂದರು. ಅಮ್ಮ ನನ್ನ ಕೈ ಹಿಡಿದುಕೊಂಡರು. ಮೂರು ವಾರದ ಹಿಂದೆ ಮುಚ್ಚಿದ್ದನ್ನು ಮತ್ತೆ ಎತ್ತುವುದಾ ಅಂತ ನನಗೆ ಎದೆ ಝಲ್ಲೆಂದಿತು.

ಮೈನರ್ ಓಟಿಯಲ್ಲಿ ಮಾಡಿದರು. ಮರಗಟ್ಟುವ ಹನಿ ಹಾಕುತ್ತಾರೆ, ಪೂರ್ತಿ ಅನಸ್ತೇಶಿಯಾ ಇಲ್ಲ. ರೆಪ್ಪೆಗೆ ಕ್ಲಿಪ್. ನೋವು ಗೊತ್ತಾಗಲಿಲ್ಲ, ಆದರೆ ಎಳೆಯುವುದು, ಒತ್ತುವುದು ಗೊತ್ತಾಗುತ್ತಿತ್ತು, ಬೆಳಕು ಒಮ್ಮೆಲೇ ಕದಡಿಹೋಯಿತು. ಪಕ್ಕದ ಟ್ರೇಯಲ್ಲಿ ಗಾಜಿನ ಸ್ಲೈಡುಗಳು, ದುಂಡನೆಯ ತಟ್ಟೆಗಳು. ಕೆರೆದದ್ದನ್ನು ಮೊದಲು ಸ್ಲೈಡಿನ ಮೇಲೆ ಸವರಿದರು. ಆಮೇಲೆ ತಟ್ಟೆಗಳಲ್ಲಿ ಒಂದರ ಪಕ್ಕ ಒಂದು ಇಂಗ್ಲಿಷಿನ ಸಿ ಅಕ್ಷರ ಬರೆದ ಹಾಗೆ ಗೀಚುತ್ತಾ ಹೋದರು. ಆ ಗೀಚಿದ ಗೆರೆಯ ಮೇಲೇ ಏನಾದರೂ ಬೆಳೆದರೆ ಅದು ಕಣ್ಣಿನದ್ದೇ, ಬೇರೆ ಜಾಗದಲ್ಲಿ ಬೆಳೆದರೆ ಗಾಳಿಯಿಂದ ಬಿದ್ದಿರಬಹುದು ಅಂತ ನರ್ಸ್ ಆಮೇಲೆ ವಿವರಿಸಿದರು. ಕೊನೆಗೆ ಫ್ಲಾಪ್ ಅಡಿಯಲ್ಲಿ ಆ್ಯಂಟಿಬಯಾಟಿಕ್‌ನಿಂದ ತೊಳೆದು ಮುಚ್ಚಿದರು. ಇದಕ್ಕೂ ಟೆಸ್ಟುಗಳಿಗೂ ಸೇರಿ ಇಪ್ಪತ್ತು ಸಾವಿರದ ಹತ್ತಿರ ಆಯಿತು.

ಸ್ಲೈಡಿನ ರಿಪೋರ್ಟು ಅವತ್ತೇ ಸಂಜೆ ಬಂತು. ಆ್ಯಸಿಡ್ ಫಾಸ್ಟ್ (ಒಂದು ವಿಶೇಷ ಬಣ್ಣದ ಪರೀಕ್ಷೆಯಲ್ಲಿ ಗುರುತು ಸಿಗುವ) ಬ್ಯಾಕ್ಟೀರಿಯಾ ಕಂಡಿದೆ, ಮೈಕೋಬ್ಯಾಕ್ಟೀರಿಯಂ ಇರಬಹುದು ಅಂದರು. ಮೈಕೋಬ್ಯಾಕ್ಟೀರಿಯಂ ಅಂದ ಕೂಡಲೇ ಭಾವ ಫೋನಿನಲ್ಲಿ ಹುಡುಕಿದರು, ಮೊದಲು ಬಂದಿದ್ದೇ ಟಿಬಿ. ಅಮ್ಮನ ಮುಖ ಕಳೆಗುಂದಿತು. "ಡಾಕ್ಟ್ರೇ, ಟಿಬಿ ಕಣ್ಣಿಗೂ ಬರುತ್ತಾ? ಮನೇಲಿ ಮಕ್ಕಳಿದಾರೆ" ಅಂತ ಕೇಳಿದರು. "ಇಲ್ಲಮ್ಮ, ಇದು ಟಿಬಿ ಅಲ್ಲ. ಅದೇ ಜಾತಿಯ ಬೇರೆ ಬ್ಯಾಕ್ಟೀರಿಯಾ. ನೀರಲ್ಲಿ, ಮಣ್ಣಲ್ಲಿ ಎಲ್ಲ ಕಡೆ ಇರುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ" ಅಂದರು ಡಾಕ್ಟರು. ನಿಮಗೂ ಇಂಥ ರಿಪೋರ್ಟ್ ಬಂದರೆ ಈ ಮಾತು ನೆನಪಿರಲಿ, ಆ ಒಂದು ಗಂಟೆ ನಾವು ಪಟ್ಟ ಭಯ ನೀವು ಪಡುವುದು ಬೇಡ.

ಕಲ್ಚರ್, ಅಂದರೆ ತಟ್ಟೆಯಲ್ಲಿ ಯಾವ ಕ್ರಿಮಿ ಬೆಳೆಯುತ್ತದೆ ಅಂತ ನೋಡುವ ಪರೀಕ್ಷೆ, ಅದಕ್ಕೆ ಕಾಯುವುದು ಇನ್ನೊಂದು ಹಿಂಸೆ. ಸಾಮಾನ್ಯ ಬ್ಯಾಕ್ಟೀರಿಯಾ ಆದರೆ ಒಂದೆರಡು ದಿನದಲ್ಲಿ ಬೆಳೆಯುತ್ತದೆ. ಈ ಜಾತಿಯದು ಬೇಗ ಬೆಳೆಯುವಂಥದ್ದಾದರೂ ಒಂದು ವಾರದವರೆಗೆ ಬೇಕು. ಫಂಗಸ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎರಡು ವಾರದ ತನಕ ತಟ್ಟೆ ಇಟ್ಟು ನೋಡುತ್ತಾರೆ. ಕೊನೆಗೆ ಬಂದ ಹೆಸರು ಮೈಕೋಬ್ಯಾಕ್ಟೀರಿಯಂ ಚೆಲೋನೆ. ಲೇಸಿಕ್ ನಂತರ ತಡವಾಗಿ ಬರುವ ಸೋಂಕುಗಳಲ್ಲಿ ಈ ಹೆಸರು ಮತ್ತೆ ಮತ್ತೆ ಕೇಳಿಬರುತ್ತದಂತೆ. ಮೊದಲ ಕೆಲವು ದಿನದಲ್ಲೇ ಬರುವ ಸೋಂಕು ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್‌ನಂಥ ಮಾಮೂಲಿ ಬ್ಯಾಕ್ಟೀರಿಯಾದ್ದು. ಎರಡಕ್ಕೂ ಔಷಧಿ ಬೇರೆ. ಅದಕ್ಕೇ ಕೆರೆದು ನೋಡದೆ ಅಂದಾಜಿನಲ್ಲಿ ಔಷಧಿ ಬದಲಿಸುತ್ತಾ ಹೋದರೆ ದಿನ ವ್ಯರ್ಥ.

ಔಷಧಿ: ಅಮಿಕಾಸಿನ್ ಹನಿ, ಮಾಕ್ಸಿಫ್ಲಾಕ್ಸಾಸಿನ್ ಹನಿ, ಜೊತೆಗೆ ಕ್ಲಾರಿಥ್ರೋಮೈಸಿನ್ ಮಾತ್ರೆ. ಸ್ಟಿರಾಯ್ಡ್ ಬಂದ್. ನನಗೆ ಬೇಕಾದಷ್ಟು ಗಟ್ಟಿಯ ಅಮಿಕಾಸಿನ್ ಹನಿ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ. ಇಂಜೆಕ್ಷನ್ ಔಷಧಿಯಿಂದ ಆಸ್ಪತ್ರೆಯವರೇ ತಯಾರಿಸಿ, ಬಾಟಲಿಯ ಮೇಲೆ ಕೈಯಲ್ಲಿ ತಾರೀಖು ಬರೆದು ಕೊಡುತ್ತಿದ್ದರು. ಫ್ರಿಜ್‌ನಲ್ಲೇ ಇಡಬೇಕು, ಬರೆದ ತಾರೀಖು ದಾಟಿದರೆ ಎಸೆಯಬೇಕು. ಇದನ್ನು ಮನೆಯಲ್ಲಿ ಮಾಡಿಕೊಳ್ಳುವ ಯೋಚನೆ ಯಾರೂ ಮಾಡಬೇಡಿ. ಪ್ರತಿ ವಾರ ಹೊಸ ಬಾಟಲಿಗೆ ತುಮಕೂರಿನಿಂದ ಬೆಂಗಳೂರು. ತಮ್ಮ ಫ್ಲಾಸ್ಕಿನಲ್ಲಿ ಐಸ್ ಪ್ಯಾಕ್ ಇಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಿದ್ದ.

ಶುರುವಿನಲ್ಲಿ ಗಂಟೆಗೊಮ್ಮೆ ಹನಿ. ಹಗಲೂ, ರಾತ್ರಿಯೂ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ಅಮಿಕಾಸಿನ್ ಹಾಕಿದಾಗ ಉರಿ ತಲೆಯವರೆಗೂ ಹತ್ತುತ್ತಿತ್ತು. ಅಮ್ಮ ರಾತ್ರಿ ಒಂದು ಗಂಟೆಯವರೆಗೆ ಎಚ್ಚರ ಇರುತ್ತಿದ್ದರು, ಆಮೇಲೆ ತಮ್ಮನ ಪಾಳಿ. ಕ್ಯಾಲೆಂಡರಿನ ಹಿಂದೆ ಗೆರೆ ಹಾಕಿ ಟಿಕ್ ಮಾಡುತ್ತಿದ್ದೆವು. ನೀವು ಒಬ್ಬರೇ ಇರುವವರಾದರೆ ಆ ಮೊದಲ ವಾರಕ್ಕೆ ಯಾರನ್ನಾದರೂ ಕರೆಸಿಕೊಳ್ಳಿ, ಇಲ್ಲವೇ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಳ್ಳಿ ಅಂತ ಕೇಳಿ. ನಿದ್ದೆಗೆಟ್ಟು ಒಬ್ಬರೇ ಇದನ್ನು ನಿಭಾಯಿಸುವುದು ಕಷ್ಟ. ಮಾತ್ರೆಯಿಂದ ಬಾಯೆಲ್ಲ ಕಹಿ, ಊಟ ಸೇರುತ್ತಿರಲಿಲ್ಲ, ಮಜ್ಜಿಗೆ ಅನ್ನದಲ್ಲಿ ಕಳೆದೆ.

ಆ ದಿನಗಳಲ್ಲಿ ನನ್ನನ್ನು ತುಂಬಾ ನೋಯಿಸಿದ್ದು ಬಂದುಹೋಗುವವರ ಮಾತು. ನೀನೇ ಕಣ್ಣು ಉಜ್ಜಿರಬೇಕು, ಇದ್ದ ಕನ್ನಡಕ ಸಾಲದಾಗಿತ್ತಾ, ಮದುವೆಗೆ ಮುಂಚೆ ಇದೆಲ್ಲ ಬೇಕಿತ್ತಾ. ನಾನು ಡಾಕ್ಟರನ್ನೇ ನೇರವಾಗಿ ಕೇಳಿದೆ, ಇದು ಎಲ್ಲಿಂದ ಬಂತು ಅಂತ. ನಿಮ್ಮದರಲ್ಲಿ ಇಂಥದ್ದೇ ಅಂತ ಹೇಳಲು ಆಗಲ್ಲ ಅಂದರು. ಈ ಬ್ಯಾಕ್ಟೀರಿಯಾ ನೀರಿನ ಪೈಪಿನಲ್ಲಿ ಬದುಕುತ್ತದೆ, ಸಾಧಾರಣ ಕ್ಲೋರಿನ್‌ಗೂ ಬಗ್ಗುವುದಿಲ್ಲ. ಉಪಕರಣ ಸರಿಯಾಗಿ ಸ್ಟೆರಿಲೈಸ್ ಆಗದಿದ್ದರೆ, ತೊಳೆಯುವ ದ್ರಾವಣ ಕೆಟ್ಟಿದ್ದರೆ ಬರಬಹುದು. ಅಮೆರಿಕದಲ್ಲಿ ಒಂದು ಕಡೆ ಸಲೈನ್ ಸಿರಿಂಜ್‌ಗಳನ್ನು ತಣ್ಣಗೆ ಮಾಡಲು ಇಟ್ಟಿದ್ದ ಐಸ್‌ನಿಂದಲೇ ಹಲವರ ಲೇಸಿಕ್ ಕಣ್ಣಿಗೆ ಇದೇ ಜಾತಿಯ ಇನ್ನೊಂದು ಬ್ಯಾಕ್ಟೀರಿಯಾ ತಗುಲಿತ್ತಂತೆ. ಮೂಲ ಎಲ್ಲಿ ಅಂತ ಹುಡುಕಿದಾಗ ಸಿಕ್ಕಿದ್ದು ಐಸ್ ಯಂತ್ರ. ಹಾಗಾಗಿ ರೋಗಿಯನ್ನು ದೂರುವುದು ಸರಿಯಲ್ಲ. ಸೋಂಕು ಖಚಿತವಾದ ಕೂಡಲೇ ಆಪರೇಷನ್ ಮಾಡಿದ ಆಸ್ಪತ್ರೆಗೆ ರಿಪೋರ್ಟ್ ಸಮೇತ ಬರೆದು ತಿಳಿಸಿ. ಅದೇ ದಿನ ಮಾಡಿಸಿಕೊಂಡ ಬೇರೆಯವರನ್ನು ಅವರು ಕರೆದು ನೋಡಬೇಕಾಗುತ್ತದೆ. ನಾನು ಬರೆದೆ. ಕೆಲವು ದಿನದ ಮೇಲೆ, ಓಟಿ ನೀರು ಪರೀಕ್ಷೆ ಮಾಡಿಸಿದ್ದೇವೆ ಅಂತ ಫೋನಿನಲ್ಲಿ ಹೇಳಿದರು. ರಿಪೋರ್ಟ್ ಕೇಳಿದರೆ ಕೊಡಲಿಲ್ಲ.

ಕಾಗದದ ವಿಷಯಕ್ಕೆ ಬರುತ್ತೇನೆ. ನನ್ನ ಕೈಯಲ್ಲಿ ಇದ್ದದ್ದು ಒಂದು ಡಿಸ್ಚಾರ್ಜ್ ಕಾರ್ಡು ಮತ್ತು ಬಿಲ್ಲು ಮಾತ್ರ. ಕಾರ್ನಿಯಾ ಡಾಕ್ಟರಿಗೆ ಬೇಕಾಗಿದ್ದು ಆಪರೇಷನ್ ಮುಂಚಿನ ಸ್ಕ್ಯಾನ್, ಫ್ಲಾಪ್ ಎಷ್ಟು ದಪ್ಪ ಕತ್ತರಿಸಿದರು, ಲೇಸರ್ ಯಂತ್ರದ ಪ್ರಿಂಟ್‌ಔಟ್. ಕೇಳಿದರೆ ಇವತ್ತು ನಾಳೆ ಅಂದರು. ಆಮೇಲೆ ಗೊತ್ತಾಯಿತು, 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಲಿಖಿತವಾಗಿ, ಆ ನಿಯಮ ಉಲ್ಲೇಖಿಸಿ, ಇಮೇಲ್ ಮಾಡಿ ಒಂದು ಪ್ರತಿಗೆ ರಿಸೆಪ್ಶನ್ನಿನಲ್ಲಿ ಸೀಲ್ ಹಾಕಿಸಿಕೊಂಡ ಮೇಲೆ ಬಂತು. ಲೇಸಿಕ್ ಮಾಡಿಸಲು ಹೊರಟವರು ಇವನ್ನೆಲ್ಲ ಮೊದಲ ದಿನವೇ ಕೇಳಿ ತೆಗೆದುಕೊಂಡುಬಿಡಿ.

ಇನ್ಶೂರೆನ್ಸ್ ಇನ್ನೊಂದು ಅಡ್ಡಿ. ದೃಷ್ಟಿದೋಷ 7.5 ಡಯಾಪ್ಟರ್‌ಗಿಂತ (ಕನ್ನಡಕದ ಪವರ್ ಅಳೆಯುವ ಮಾನ) ಕಡಿಮೆ ಇದ್ದರೆ ಅದನ್ನು ಸರಿಪಡಿಸುವ ಖರ್ಚು ಹೆಲ್ತ್ ಪಾಲಿಸಿಯಲ್ಲಿ ಬರುವುದಿಲ್ಲ, ಇದು ಹೆಚ್ಚುಕಡಿಮೆ ಎಲ್ಲ ಕಂಪನಿಗೂ ಒಂದೇ. ಲೇಸಿಕ್‌ಗೆ ನಾನು ಕ್ಲೇಮ್ ಹಾಕಿಯೇ ಇರಲಿಲ್ಲ. ಆದರೆ ಸೋಂಕಿನ ಚಿಕಿತ್ಸೆಗೆ ಹಾಕಿದಾಗಲೂ ಅದೇ ಕಾರಣ ಕೊಟ್ಟು ತಿರಸ್ಕರಿಸಿದರು. ಇದು ಕಾರ್ನಿಯಾದ ಸೋಂಕು, ದೃಷ್ಟಿದೋಷದ ಚಿಕಿತ್ಸೆ ಅಲ್ಲ ಅಂತ ಡಾಕ್ಟರಿಂದ ಪತ್ರ ಬರೆಸಿ, ಕಲ್ಚರ್ ರಿಪೋರ್ಟ್ ಲಗತ್ತಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಅರ್ಧದಷ್ಟು ಕೊಟ್ಟರು. ಅವರೂ ಒಪ್ಪದಿದ್ದರೆ ಅಥವಾ ಒಂದು ತಿಂಗಳು ಉತ್ತರ ಬರದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆ ಕಂಪನಿ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆಸ್ಪತ್ರೆ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬೇಕು ಅನ್ನುವವರಿಗೆ ಎರಡು ವರ್ಷದ ಗಡುವು ಇರುತ್ತದೆ.

ಚಿಕಿತ್ಸೆ ನೇರವಾಗಿ ಸಾಗಲಿಲ್ಲ. ಮೊದಲ ವಾರಗಳಲ್ಲಿ ಚುಕ್ಕೆ ಕುಗ್ಗಿತು, ಆಮೇಲೆ ಪಕ್ಕದಲ್ಲೇ ಇನ್ನೊಂದು ಹುಟ್ಟಿತು. ಹನಿ ಒಳಗೆ ಇಳಿಯುತ್ತಿಲ್ಲ, ಫ್ಲಾಪ್ ತೆಗೆದುಹಾಕಬೇಕು ಅಂದರು. ಆ ದಿನ ನಾನು ಡಾಕ್ಟರ ಮುಂದೆ ಅತ್ತೆ. ಪದರ ಹೋದರೆ ಕಣ್ಣೇ ಹೋದ ಹಾಗೆ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಅಡಿಯಲ್ಲಿ ಉಳಿದ ಕಾರ್ನಿಯಾದ ಮೇಲೆ ಹೊಸ ಚರ್ಮ ಬೆಳೆಯುತ್ತದೆ. ಸ್ವಲ್ಪ ಮಸುಕು, ಸೊಟ್ಟ ಪವರ್ (ಕಾರ್ನಿಯಾದ ಮೇಲ್ಮೈ ಏರುಪೇರಾಗಿ ಬರುವ ದೋಷ) ಉಳಿಯಬಹುದು, ಆದರೆ ಸೋಂಕು ಆಳಕ್ಕೆ ಇಳಿದು ಕಾರ್ನಿಯಾ ಕಸಿಯವರೆಗೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು ಅಂತ ಚಿತ್ರ ಬರೆದು ತೋರಿಸಿದರು. ಒಪ್ಪಿದೆ. ತೆಗೆದ ಮೇಲಿನ ಮೂರು ನಾಲ್ಕು ದಿನ ವಿಪರೀತ ನೋವು. ಅದಾದ ಮೇಲೆ ಪ್ರತಿ ಭೇಟಿಯಲ್ಲೂ ಚುಕ್ಕೆ ಸಣ್ಣದಾಗುತ್ತಾ ಬಂತು. ಹನಿ ಗಂಟೆಗೊಮ್ಮೆಯಿಂದ ಎರಡು ಗಂಟೆಗೆ, ನಾಲ್ಕು ಗಂಟೆಗೆ ಇಳಿಯಿತು. ರಾತ್ರಿ ಪೂರ್ತಿ ಮಲಗಿದ ಮೊದಲ ದಿನ ಅಮ್ಮ ಬೆಳಿಗ್ಗೆ ಪಾಯಸ ಮಾಡಿದರು. ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯಿತು, ಖರ್ಚು ಲೇಸಿಕ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಶಾಲೆಯಲ್ಲಿ ಸಂಬಳವಿಲ್ಲದ ರಜೆ. ಪ್ರತಿ ಭೇಟಿಯಲ್ಲೂ ಮೆಡಿಕಲ್ ಸರ್ಟಿಫಿಕೇಟ್ ಬರೆಸಿಕೊಂಡಿದ್ದರಿಂದ ಕೆಲಸ ಉಳಿಯಿತು.

ಈಗ ಎಡಗಣ್ಣು 6/6. ಬಲಗಣ್ಣು ಒಂದು ಹಂತದಲ್ಲಿ 6/36ಕ್ಕೆ ಇಳಿದಿದ್ದು, ಕನ್ನಡಕ ಹಾಕಿದರೆ 6/9. ರಾತ್ರಿ ಎದುರು ವಾಹನದ ದೀಪ ಚದುರಿದ ಹಾಗೆ ಕಾಣುತ್ತದೆ, ಹಾಗಾಗಿ ಕತ್ತಲಾದ ಮೇಲೆ ಸ್ಕೂಟಿ ಓಡಿಸುವುದಿಲ್ಲ. ಮನೆಯಲ್ಲಿ ಉಳಿದಿದ್ದ ಸ್ಟಿರಾಯ್ಡ್ ಬಾಟಲಿಗಳನ್ನೆಲ್ಲ ಡಾಕ್ಟರು ಎಸೆಯಲು ಹೇಳಿದರು, ಕಣ್ಣು ಕೆಂಪಾದಾಗ ಯಾರೂ ತಾವಾಗಿಯೇ ಅದನ್ನು ಹಾಕಿಕೊಳ್ಳಬಾರದಂತೆ. ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಇದೆ. ಕಲೆ ಗಟ್ಟಿಯಾಗಿ ನಿಂತಿದ್ದರೆ ಆ ಒಂದು ಕಣ್ಣಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡೋಣ, ಸೊಟ್ಟ ಪವರಿಗೆ ಕನ್ನಡಕಕ್ಕಿಂತ ಅದರಲ್ಲಿ ಚೆನ್ನಾಗಿ ಕಾಣಬಹುದು ಅಂದಿದ್ದಾರೆ. ಅದು ಹೇಗಾಯಿತು, ಎಷ್ಟು ಖರ್ಚಾಯಿತು ಅಂತ ಆಗ ಬರೆಯುತ್ತೇನೆ.